ಚಳಿಗಾಲದ ಕಾಲೇಜು: ಡೆನ್ಮಾರ್ಕಿನಿಂದ ನಂಜನಗೂಡಿನವರೆಗೆ

‘ಸಮುದಾಯ ಕಾಲೇಜು’ ಎಂಬ ಹೆಸರು ನಮ್ಮಲ್ಲಿ ಕೇಳಿಬರತೊಡಗಿದ್ದು ಈಚೆಗೆ. 1995ರಲ್ಲಿ ಪಾಂಡಿಚೇರಿ ವಿಶ್ವವಿದ್ಯಾಲಯ ಇಂಥದೊಂದನ್ನು ಆರಂಭಿಸಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗ ದೇಶದಾದ್ಯಂತ ಇದಕ್ಕೊಂದು ಯೋಜನೆ ರೂಪಿಸುವ ಹೊತ್ತಿಗೆ ಹೊಸ ಶತಮಾನದ ಎರಡನೆಯ ದಶಕ ಬಂದಿತ್ತು. ಊರಿನವರಿಗೆ ಊರಿನಲ್ಲೇ ಕೆಲಸಕ್ಕೆ ಬರುವ ವಿದ್ಯೆ, ಕಡಿಮೆ ಶುಲ್ಕ, ಕಡಿಮೆ ಅವಧಿ ಎಂಬ ಈ ಕಲ್ಪನೆ ಅಮೆರಿಕದಿಂದ ಬಂದದ್ದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಹೆಸರಿನ ಮಟ್ಟಿಗೆ ಅದು ಸರಿ. ಆದರೆ ಹಳ್ಳಿಯ ಆರ್ಥಿಕ ಬದುಕನ್ನೇ ಎತ್ತಿ ನಿಲ್ಲಿಸುವ ಕೆಲಸಕ್ಕೆ ಶಾಲೆಯೊಂದು ಹೆಗಲು ಕೊಟ್ಟ ಕಥೆ ಅದಕ್ಕಿಂತ ಹಳೆಯದು. ಅದು ನಡೆದದ್ದು ಡೆನ್ಮಾರ್ಕಿನಲ್ಲಿ. ಅದರ ಒಂದು ಕವಲು ನಮ್ಮ ಕಪಿಲಾ ನದಿಯ ದಡದವರೆಗೂ ಬಂದಿತ್ತು ಎಂಬುದನ್ನು ಬಲ್ಲವರು ಇಂದು ಕಡಿಮೆ.

ಡೆನ್ಮಾರ್ಕ್ ವಿಸ್ತೀರ್ಣದಲ್ಲಿ ಕರ್ನಾಟಕದ ಕಾಲು ಭಾಗಕ್ಕೂ ಕಡಿಮೆಯಿರುವ ದೇಶ. ಬೆಟ್ಟವಿಲ್ಲ, ಕಲ್ಲಿದ್ದಲು, ಕಬ್ಬಿಣದ ಗಣಿಗಳಿಲ್ಲ. ಹತ್ತೊಂಬತ್ತನೆಯ ಶತಮಾನ ಅದರ ಪಾಲಿಗೆ ಸೋಲಿನ ಶತಮಾನವಾಗಿತ್ತು. 1807ರಲ್ಲಿ ಬ್ರಿಟಿಷ್ ನೌಕಾಪಡೆ ರಾಜಧಾನಿ ಕೋಪನ್‌ಹೇಗನ್ ಮೇಲೆ ಗುಂಡಿನ ಮಳೆಗರೆಯಿತು. 1813ರಲ್ಲಿ ಸರ್ಕಾರ ದಿವಾಳಿಯೆದ್ದಿತು. ಮರುವರ್ಷ ನಾರ್ವೆ ಕೈಬಿಟ್ಟಿತು. ಐವತ್ತು ವರ್ಷಗಳ ನಂತರ, 1864ರಲ್ಲಿ, ಪ್ರಷ್ಯಾ ಮತ್ತು ಆಸ್ಟ್ರಿಯಾ ಸೇರಿ ಶ್ಲೆಸ್ವಿಗ್ ಹಾಗೂ ಹೋಲ್‌ಸ್ಟೈನ್ ಪ್ರಾಂತಗಳನ್ನು ಕಿತ್ತುಕೊಂಡಾಗ ಉಳಿದಿದ್ದ ನೆಲದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಹೋಯಿತು. ಇಂಥ ದೇಶ ಇನ್ನು ಮೂವತ್ತು ನಲವತ್ತು ವರ್ಷಗಳಲ್ಲಿ ಇಂಗ್ಲೆಂಡಿನ ಮನೆಮನೆಯ ಬೆಳಗಿನ ಉಪಾಹಾರಕ್ಕೆ ಬೆಣ್ಣೆ, ಮೊಟ್ಟೆ, ಹಂದಿಮಾಂಸ ಒದಗಿಸುವ ದೇಶವಾಗಬಹುದೆಂದು ಆಗ ಯಾರಾದರೂ ಹೇಳಿದ್ದರೆ ನಗುತ್ತಿದ್ದರೇನೋ.

ಕಥೆಯ ಮೊದಲ ಪಾತ್ರ ಒಬ್ಬ ಪಾದ್ರಿ. ನಿಕೊಲಾಯ್ ಗ್ರುಂಟ್ವಿಗ್ ಎಂಬಾತ (1783–1872) ಕವಿ, ಇತಿಹಾಸಕಾರ, ಜಗಳಗಂಟ. 1829ರಿಂದ 1831ರವರೆಗೆ ಮೂರು ಬೇಸಿಗೆಗಳಲ್ಲಿ ಆತ ಇಂಗ್ಲೆಂಡಿಗೆ ಹೋಗಿ ಹಳೆಯ ಹಸ್ತಪ್ರತಿಗಳನ್ನು ಓದಿದ. ಅಲ್ಲಿನ ಕೇಂಬ್ರಿಜ್‌ನಲ್ಲಿ ಗುರುಗಳೂ ಶಿಷ್ಯರೂ ಒಂದೇ ಆವರಣದಲ್ಲಿ ವಾಸಿಸಿ, ಜೊತೆಗೆ ಕೂತು ಊಟಮಾಡಿ, ಮಾತಾಡುವುದನ್ನು ಕಂಡು ಬೆರಗಾದ. ತನ್ನ ದೇಶದ ಲ್ಯಾಟಿನ್ ಶಾಲೆಗಳ ಮೇಲೆ ಅವನಿಗೆ ಮೊದಲಿನಿಂದಲೂ ಕೋಪವಿತ್ತು. ಬಾಯಿಪಾಠ, ವ್ಯಾಕರಣ, ಬೆತ್ತ, ಪರೀಕ್ಷೆ: ಇವುಗಳಿಂದ ಕೂಡಿದ್ದನ್ನು ಆತ ಸಾವಿನ ಶಾಲೆ ಎಂದು ಕರೆದ, ತನಗೆ ಬೇಕಾದದ್ದು ಬದುಕಿನ ಶಾಲೆ ಎಂದ. ಅಲ್ಲಿ ಹದಿನೆಂಟು ದಾಟಿದ ರೈತ ಯುವಕರು ತಮ್ಮದೇ ಭಾಷೆಯಲ್ಲಿ ದೇಶದ ಇತಿಹಾಸ, ಕಾನೂನು, ಹಾಡು, ಆಡಳಿತ ಇವುಗಳ ಬಗ್ಗೆ ಕೇಳಬೇಕು, ಮಾತಾಡಬೇಕು. ಪುಸ್ತಕಕ್ಕಿಂತ ಆಡಿದ ಮಾತಿಗೆ ಬೆಲೆ. ಪರೀಕ್ಷೆ ಇಲ್ಲ, ಪ್ರಮಾಣಪತ್ರ ಇಲ್ಲ.

ಮಾತಿನ ಕಾರ್ಯಕ್ರಮಗಳನ್ನೇ ಕಸುಬಾಗಿ ಮಾಡಿಕೊಂಡ ನನ್ನಂಥವನಿಗೆ ಈ ಕೊನೆಯ ಅಂಶದಲ್ಲಿ ವಿಶೇಷ ಆಸಕ್ತಿ. ಬರೆದು ತಂದು ಓದುವವರಿಗೂ ಎದುರಿಗಿರುವವರ ಮುಖ ನೋಡಿ ಮಾತಾಡುವವರಿಗೂ ಇರುವ ಅಂತರವನ್ನು ಸ್ಟುಡಿಯೋದಲ್ಲಿ ನಾವು ದಿನವೂ ಕಾಣುತ್ತೇವೆ. ಗ್ರುಂಟ್ವಿಗ್ ಅದನ್ನೇ ಒಂದು ಶಿಕ್ಷಣತತ್ವವಾಗಿ ಮಾಡಿದ. ಆದರೆ ಶಾಲೆ ನಡೆಸುವ ತಾಳ್ಮೆ ಅವನಿಗಿರಲಿಲ್ಲ. ಸೋರೋ ಎಂಬಲ್ಲಿ ದೊಡ್ಡದೊಂದು ಶಾಲೆ ತೆರೆಯಲು ರಾಜನನ್ನು ಒಪ್ಪಿಸಿದ್ದ. 1848ರಲ್ಲಿ ರಾಜ ತೀರಿಕೊಂಡಮೇಲೆ ಅದೂ ಬಿದ್ದುಹೋಯಿತು. ಬೇರೆಯವರ ಪ್ರಯತ್ನದಿಂದ ಗಡಿನಾಡಿನ ರೋಡಿಂಗ್ ಎಂಬ ಹಳ್ಳಿಯಲ್ಲಿ ಇಂಥ ಮೊದಲ ಶಾಲೆ 1844ರ ನವೆಂಬರ್‌ನಲ್ಲಿ ಆಗಲೇ ಬಾಗಿಲು ತೆರೆದಿತ್ತು. ಇವಕ್ಕೆ ‘ಜನತಾ ಪ್ರೌಢಶಾಲೆ’ ಎಂಬ ಅರ್ಥದ ಹೆಸರಿದ್ದರೂ ವಯಸ್ಕರು ಓದುತ್ತಿದ್ದುದರಿಂದ ನಾವು ಜನತಾ ಕಾಲೇಜು ಎನ್ನುವುದೇ ಸರಿ.

ಈ ಕಲ್ಪನೆಯನ್ನು ರೈತರ ಮನೆಯ ಮಟ್ಟಕ್ಕೆ ಇಳಿಸಿದವನು ಕ್ರಿಸ್ಟನ್ ಕೋಲ್ಡ್. ಚಮ್ಮಾರನ ಮಗ. 1851ರಲ್ಲಿ ಫ್ಯೂನ್ ದ್ವೀಪದ ರಿಸ್ಲಿಂಗ ಎಂಬ ಹಳ್ಳಿಯಲ್ಲಿ ಹದಿನೈದು ಹುಡುಗರೊಂದಿಗೆ ಶಾಲೆ ಆರಂಭಿಸಿದ. ಅವರ ಜೊತೆಗೇ ಅಟ್ಟದ ಮೇಲೆ ಮಲಗಿದ, ಅವರು ಉಂಡದ್ದನ್ನೇ ಉಂಡ. ಹದಿನಾಲ್ಕು ಹದಿನೈದರ ಹುಡುಗರನ್ನೇ ಸೇರಿಸಿಕೊಳ್ಳಬೇಕೆಂದು ಅವನಿಗಿತ್ತು. ಆ ವಯಸ್ಸಿಗೆ ಬದುಕಿನ ಪ್ರಶ್ನೆಗಳೇ ಹುಟ್ಟಿರುವುದಿಲ್ಲ, ಹದಿನೆಂಟಾಗಲಿ ಎಂಬುದು ಗ್ರುಂಟ್ವಿಗ್‌ನ ವಾದ. ಅನುಭವದಿಂದ ಕೋಲ್ಡ್ ಕೂಡ ಹದಿನೆಂಟಕ್ಕೇ ಬಂದ. ಕೋಲ್ಡ್ ಬಗ್ಗೆ ಹೇಳುವ ಒಂದು ಪ್ರಸಂಗವಿದೆ. ‘ನಿಮ್ಮ ಮಾತು ಕೇಳುವಾಗ ಚೆನ್ನಾಗಿರುತ್ತದೆ, ಆಮೇಲೆ ಏನೂ ನೆನಪಿರುವುದಿಲ್ಲ’ ಎಂದು ಒಬ್ಬ ಶಿಷ್ಯ ದೂರಿದನಂತೆ. ಹೊಲದಲ್ಲಿ ನೀರು ಬಸಿಯಲು ಕೊಳವೆ ಹೂತರೆ ಆಮೇಲೆ ಹುಡುಕಲು ಗುರುತು ನೆಡಬೇಕು, ಬೀಜ ಬಿತ್ತಿದರೆ ಗುರುತು ಬೇಡ, ಅದೇ ಮೇಲೆ ಬರುತ್ತದೆ ಎಂಬುದು ಕೋಲ್ಡ್ ಕೊಟ್ಟ ಉತ್ತರದ ಸಾರ. ಅಲ್ಲಿ ಕೂತಿದ್ದವರೆಲ್ಲ ರೈತರ ಮಕ್ಕಳೆಂಬುದನ್ನು ಮರೆಯಬಾರದು.

ಕಾಲದ ಹೊಂದಾಣಿಕೆಯೂ ಗಮನಾರ್ಹ. ನವೆಂಬರಿನಿಂದ ಮಾರ್ಚಿಯವರೆಗೆ ಹೊಲದ ಕೆಲಸ ಕಡಿಮೆಯಿರುವ ಐದು ತಿಂಗಳು ಯುವಕರಿಗೆ. ಬೇಸಿಗೆಯ ಮೂರು ತಿಂಗಳು ಯುವತಿಯರಿಗೆ. ಶಾಲೆ ಬೇಸಾಯದ ಪಂಚಾಂಗಕ್ಕೆ ಹೊಂದಿಕೊಂಡಿತೇ ಹೊರತು ಬೇಸಾಯವನ್ನು ತನ್ನ ವೇಳಾಪಟ್ಟಿಗೆ ಬಗ್ಗಿಸಲಿಲ್ಲ. 1864ರ ಸೋಲಿನ ನಂತರ ಇಂಥ ಶಾಲೆಗಳು ಒಂದರ ಹಿಂದೊಂದು ಎದ್ದವು. ಗಡಿಯಾಚೆಗೆ ಉಳಿದುಹೋದ ರೋಡಿಂಗ್‌ನ ಗುರುಗಳು ಈಚೆಗೆ ಬಂದು 1865ರಲ್ಲಿ ಆಸ್ಕೋವ್ ಎಂಬಲ್ಲಿ ನೆಲೆನಿಂತರು. 1870ರ ದಶಕದ ಹೊತ್ತಿಗೆ ಐವತ್ತಕ್ಕೂ ಹೆಚ್ಚು ಶಾಲೆಗಳಿದ್ದವು. ಸರ್ಕಾರ ಹಣದ ನೆರವು ಕೊಟ್ಟಿತು; ಏನು ಕಲಿಸಬೇಕೆಂಬುದರಲ್ಲಿ ಕೈ ಹಾಕಲಿಲ್ಲ.

ಇಲ್ಲಿಯವರೆಗೆ ಇದು ಶಿಕ್ಷಣದ ಕಥೆ. ಹಳ್ಳಿಯ ಹೊಟ್ಟೆಪಾಡಿಗೂ ಇದಕ್ಕೂ ಏನು ಸಂಬಂಧ?

1870ರ ದಶಕದಲ್ಲಿ ಅಮೆರಿಕದ ರೈಲು, ಉಗಿಹಡಗುಗಳು ಅಗ್ಗದ ಗೋಧಿಯನ್ನು ಯುರೋಪಿಗೆ ತಂದು ಸುರಿದವು. ರಷ್ಯದ ಧಾನ್ಯವೂ ಬಂತು. ಧಾನ್ಯ ಬೆಳೆದು ಮಾರುತ್ತಿದ್ದ ಡೆನ್ಮಾರ್ಕಿನ ರೈತನಿಗೆ ಇದು ದೊಡ್ಡ ಪೆಟ್ಟು. ಜರ್ಮನಿ, ಫ್ರಾನ್ಸ್‌ಗಳು ಸುಂಕದ ಗೋಡೆ ಕಟ್ಟಿದವು. ಡೆನ್ಮಾರ್ಕ್ ಕಟ್ಟಲಿಲ್ಲ, ಅಗ್ಗದ ಧಾನ್ಯವನ್ನು ಒಳಕ್ಕೆ ಬಿಟ್ಟುಕೊಂಡು ಹಸು, ಹಂದಿ, ಕೋಳಿಗಳಿಗೆ ತಿನ್ನಿಸಿತು. ಮಾರುವ ಸರಕು ಧಾನ್ಯದ ಬದಲು ಬೆಣ್ಣೆಯಾಯಿತು. ಆದರೆ ಬೆಣ್ಣೆಯಲ್ಲೂ ಎರಡು ಜಾತಿ: ದೊಡ್ಡ ಜಮೀನ್ದಾರರ ಬೆಣ್ಣೆ ಮತ್ತು ಸಣ್ಣ ರೈತರ ಬೆಣ್ಣೆ. ನಾಲ್ಕೈದು ಹಸುವಿನ ರೈತ ಅಗಲವಾದ ಪಾತ್ರೆಗಳಲ್ಲಿ ಹಾಲಿಟ್ಟು ಕೆನೆ ಕಟ್ಟುವವರೆಗೆ ಕಾಯಬೇಕು, ಹಲವು ದಿನಗಳ ಕೆನೆ ಕೂಡಿಸಿ ಕಡೆಯಬೇಕು. ಅಷ್ಟರಲ್ಲಿ ಹುಳಿ ಹಿಡಿಯುತ್ತಿತ್ತು. ಅದಕ್ಕೆ ಪೇಟೆಯಲ್ಲಿ ಅರೆಬೆಲೆ.

ಆಗ ಬಂದದ್ದು ಕೆನೆ ಬೇರ್ಪಡಿಸುವ ಯಂತ್ರ. ಸ್ವೀಡನ್ನಿನ ಗುಸ್ತಾಫ್ ಡಿ ಲಾವಾಲ್ 1878ರಲ್ಲಿ ನಿರಂತರವಾಗಿ ನಡೆಯುವ ಮಾದರಿಯೊಂದನ್ನು ರೂಪಿಸಿದ. ಡೆನ್ಮಾರ್ಕಿನಲ್ಲೂ ಅದೇ ಕಾಲಕ್ಕೆ ಇಂಥವು ತಯಾರಾದವು. ತತ್ವ ಸರಳ. ಹಾಲನ್ನು ಬಟ್ಟಲಲ್ಲಿ ಹಾಕಿ ಅತಿವೇಗದಲ್ಲಿ ತಿರುಗಿಸಿದರೆ ಭಾರವಾದ ಹಾಲು ಅಂಚಿಗೆ ಸರಿಯುತ್ತದೆ, ಹಗುರವಾದ ಕೆನೆ ನಡುವಿನಲ್ಲಿ ಉಳಿಯುತ್ತದೆ. ಒಂದು ದಿನದ ಕೆಲಸ ಕೆಲವು ನಿಮಿಷಗಳದ್ದಾಯಿತು. ಆದರೆ ಯಂತ್ರಕ್ಕೆ ಉಗಿ ಎಂಜಿನ್ ಬೇಕು, ನೂರಾರು ಹಸುಗಳ ಹಾಲು ಬೇಕು. ನಾಲ್ಕು ಹಸುವಿನವನ ಅಂಗಳಕ್ಕೆ ಅದು ಬರುವಂತಿರಲಿಲ್ಲ.

1882ರಲ್ಲಿ ಪಶ್ಚಿಮ ಜಟ್ಲಂಡಿನ ಯೆಡಿಂಗ್ ಎಂಬ ಹಳ್ಳಿಯ ರೈತರು ಸೇರಿ ಒಂದು ಡೈರಿ ಕಟ್ಟಿಕೊಂಡರು. ಅವರಲ್ಲಿ ಯಾರ ಬಳಿಯೂ ಬಂಡವಾಳವಿರಲಿಲ್ಲ. ಎಲ್ಲರೂ ಒಟ್ಟಾಗಿ ಹೊಣೆ ಹೊತ್ತು ಸಾಲ ತಂದರು: ಒಬ್ಬ ತಪ್ಪಿದರೆ ಉಳಿದವರು ತೀರಿಸಬೇಕು. ಮನೆ ಬಳಕೆ ಕಳೆದು ಉಳಿದ ಹಾಲನ್ನೆಲ್ಲ ಇಲ್ಲಿಗೇ ಹಾಕಬೇಕು. ಕೆನೆ ತೆಗೆದ ಹಾಲನ್ನು ಅವರವರಿಗೆ ಹಿಂದಕ್ಕೆ ಕೊಡುವುದು. ಲಾಭ ಹಾಕಿದ ಹಾಲಿನ ಪ್ರಮಾಣಕ್ಕೆ ತಕ್ಕಂತೆ. ಆದರೆ ಇಂಥ ಡೈರಿಗಳ ಸಭೆಯಲ್ಲಿ ಮತ ಒಬ್ಬರಿಗೆ ಒಂದೇ. ಎಣಿಸುವುದು ಮನುಷ್ಯರ ತಲೆ, ಹಸುಗಳ ತಲೆಯಲ್ಲ ಎಂಬುದು ಆ ದೇಶದಲ್ಲಿ ಗಾದೆಯಂತೆ ಉಳಿದಿದೆ. ಯೆಡಿಂಗ್‌ನ ಆ ಪುಟ್ಟ ಡೈರಿ ಈಗ ವಸ್ತುಸಂಗ್ರಹಾಲಯ. ಹತ್ತೇ ವರ್ಷಗಳಲ್ಲಿ ಇಂಥ ನೂರಾರು ಡೈರಿಗಳು ಹುಟ್ಟಿದವು. ಶತಮಾನ ಮುಗಿಯುವಷ್ಟರಲ್ಲಿ ಸಂಖ್ಯೆ ಸಾವಿರ ಮುಟ್ಟಿತು. 1887ರಲ್ಲಿ ಹೋರ್ಸೆನ್ಸ್ ಎಂಬಲ್ಲಿ ಹಂದಿಮಾಂಸದ ಮೊದಲ ಸಹಕಾರಿ ಕಾರ್ಖಾನೆ, 1895ರಲ್ಲಿ ಮೊಟ್ಟೆ ರಫ್ತಿನ ಸಹಕಾರ ಸಂಘ. ಇಡೀ ದೇಶದ ಬೆಣ್ಣೆಗೆ ಒಂದೇ ಕೊಂಬಿನ ಮುದ್ರೆ 1901ರಲ್ಲಿ ನೋಂದಣಿಯಾಯಿತು.

ವಿಜ್ಞಾನ ಓದಿದವನಾಗಿ ಇದರಲ್ಲಿ ನನಗೆ ಬಹಳ ಮೆಚ್ಚುಗೆಯಾಗುವುದು ಇದರ ಚಕ್ರ. ಹಸು ಹೊಲದ ಗೆಡ್ಡೆ, ಮೇವು ತಿನ್ನುತ್ತದೆ. ಕೆನೆ ಬೆಣ್ಣೆಯಾಗಿ ಹಡಗೇರುತ್ತದೆ. ಕೆನೆ ತೆಗೆದ ಹಾಲು ಊರಿಗೇ ಮರಳಿ ಹಂದಿಗೆ ಹೋಗುತ್ತದೆ. ಹಸು, ಹಂದಿಗಳ ಗೊಬ್ಬರ ಹೊಲಕ್ಕೆ ಹೋಗುತ್ತದೆ. ಬೆಣ್ಣೆ ಎಂದರೆ ಬಹುಮಟ್ಟಿಗೆ ಕೊಬ್ಬು. ಅದರಲ್ಲಿರುವುದು ಗಾಳಿ, ನೀರು, ಬಿಸಿಲಿನಿಂದ ಬಂದ ಇಂಗಾಲ ಮತ್ತು ಜಲಜನಕ. ಸಾರಜನಕ, ರಂಜಕಗಳು ಹೆಚ್ಚಾಗಿ ಕೆನೆ ತೆಗೆದ ಹಾಲಿನಲ್ಲೇ ಉಳಿಯುತ್ತವೆ. ಹಾಗಾಗಿ ಧಾನ್ಯ ಮಾರುವಾಗ ನೆಲದ ಸಾರ ಹೊರಗೆ ಹೋಗುತ್ತಿದ್ದಷ್ಟು ಬೆಣ್ಣೆ ಮಾರುವಾಗ ಹೋಗುವುದಿಲ್ಲ. ಕೊಂಡು ತಂದ ಧಾನ್ಯದ ಸಾರವೂ ಗೊಬ್ಬರವಾಗಿ ನೆಲಕ್ಕೇ ಸೇರುತ್ತಿತ್ತು. ‘ಸುಸ್ಥಿರ ಅಭಿವೃದ್ಧಿ’ ಎಂಬ ಪದ ಹುಟ್ಟುವುದಕ್ಕೆ ಬಹಳ ಮುಂಚಿನ ಮಾತಿದು.

ಅಳತೆಯೂ ಮುಖ್ಯವಾಯಿತು. ಎಲ್ಲರ ಹಾಲೂ ಒಂದೇ ತೊಟ್ಟಿಗೆ ಬಿದ್ದಾಗ ನೀರು ಬೆರೆಸಿದವನಿಗೂ ಬೆರೆಸದವನಿಗೂ ಒಂದೇ ಬೆಲೆಯಾದರೆ ಸಂಘ ಮುರಿಯುತ್ತದೆ. ಎನ್. ಜೆ. ಫ್ಯೋರ್ಡ್ ಎಂಬ ವಿಜ್ಞಾನಿ ಪ್ರತಿ ರೈತನ ಹಾಲಿನ ಮಾದರಿಯನ್ನೂ ಪ್ರತ್ಯೇಕ ಕೊಳವೆಗಳಲ್ಲಿ ತಿರುಗಿಸಿ ಕೆನೆಯ ಅಂಶ ಅಳೆಯುವ ಯಂತ್ರ ರೂಪಿಸಿದ. ಕೊಬ್ಬಿನಂಶಕ್ಕೆ ತಕ್ಕ ಬೆಲೆ ಎಂಬ ಪದ್ಧತಿ ಬಂತು. ನಮ್ಮ ಹಳ್ಳಿಗಳ ಹಾಲಿನ ಡೈರಿಯಲ್ಲಿ ‘ಫ್ಯಾಟ್ ಎಷ್ಟು ಬಂತು?’ ಎಂದು ಕೇಳುವವರೆಲ್ಲ ಈ ಪರಂಪರೆಯ ವಾರಸುದಾರರೇ.

ಈಗ ಪ್ರಶ್ನೆಗೆ ಬರೋಣ. ಜನತಾ ಕಾಲೇಜುಗಳ ಮುಖ್ಯ ಪಾಠ ಬೆಣ್ಣೆ ತೆಗೆಯುವುದಾಗಿರಲಿಲ್ಲ. ಆ ಕೆಲಸಕ್ಕೆ ಕೃಷಿ ಶಾಲೆಗಳು ಬೇರೆ ಇದ್ದವು. ಇಲ್ಲಿ ಕೇಳಿದ್ದು ಪುರಾಣ, ಇತಿಹಾಸ; ಹಾಡಿದ್ದು ಹಾಡು. ಆದರೂ ಸಹಕಾರಿ ಡೈರಿಗಳ ಅಧ್ಯಕ್ಷರು, ವ್ಯವಸ್ಥಾಪಕರನ್ನು ನೋಡಿದರೆ ಅವರಲ್ಲಿ ದೊಡ್ಡ ಭಾಗ ಈ ಕಾಲೇಜುಗಳಲ್ಲಿ ಒಂದೆರಡು ಚಳಿಗಾಲ ಕಳೆದವರು. ಅಲ್ಲಿ ಕಲಿತದ್ದೇನು? ಸಭೆಯಲ್ಲಿ ಎದ್ದು ನಿಂತು ಮಾತಾಡುವುದು, ಒಪ್ಪದವನ ಮಾತನ್ನು ಕೂತು ಕೇಳುವುದು, ಲೆಕ್ಕ ಓದಿ ಪ್ರಶ್ನಿಸುವುದು. ಅದಕ್ಕಿಂತ ಹೆಚ್ಚಾಗಿ ಇಪ್ಪತ್ತು ಮೈಲಿ ದೂರದ ಊರಿನವನ ಜೊತೆ ಒಂದೇ ಕೋಣೆಯಲ್ಲಿ ಐದು ತಿಂಗಳು ಮಲಗೆದ್ದ ಪರಿಚಯ. ಪರಸ್ಪರ ಸಾಲಕ್ಕೆ ಹೊಣೆಯಾಗುವಷ್ಟು ನಂಬಿಕೆ ಕರಪತ್ರ ಓದಿದರೆ ಬರುವುದಿಲ್ಲ.

ಹಾಗೆಂದು ಎಲ್ಲ ಶ್ರೇಯಸ್ಸನ್ನೂ ಗ್ರುಂಟ್ವಿಗ್‌ನ ತಲೆಗೆ ಕಟ್ಟುವುದು ಇತಿಹಾಸವಾಗುವುದಿಲ್ಲ. ಮಾರ್ಕುಸ್ ಲಾಂಪೆ ಮತ್ತು ಪಾಲ್ ಶಾರ್ಪ್ ಎಂಬ ಆರ್ಥಿಕ ಇತಿಹಾಸಕಾರರು 2018ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೇರೆಯೇ ಚಿತ್ರ ಕೊಡುತ್ತಾರೆ. ಅವರ ಪ್ರಕಾರ ಶುಚಿತ್ವ, ಲೆಕ್ಕಪತ್ರ, ಪ್ರಯೋಗ ಇವೆಲ್ಲ ನೂರು ವರ್ಷ ಮೊದಲೇ ದೊಡ್ಡ ಜಮೀನ್ದಾರರ ಡೈರಿಗಳಲ್ಲಿ ಬೆಳೆದಿದ್ದವು. ರೈತರು ಸಿದ್ಧವಿದ್ದ ವಿದ್ಯೆಯನ್ನು ಎತ್ತಿಕೊಂಡರು. ಈ ವಾದದಲ್ಲಿ ಬಲವಿದೆ. ಬೇರೆ ಸಂಗತಿಗಳೂ ಇವೆ. ರೈತನನ್ನು ಹುಟ್ಟಿದ ಜಮೀನಿಗೇ ಕಟ್ಟಿಹಾಕುತ್ತಿದ್ದ ಕಾನೂನು 1788ರಲ್ಲೇ ರದ್ದಾಗಿ, ಮುಂದಿನ ದಶಕಗಳಲ್ಲಿ ಗೇಣಿದಾರರು ನೆಲದ ಒಡೆಯರಾಗಿದ್ದರು. 1814ರ ಕಾನೂನು ಮಕ್ಕಳೆಲ್ಲರಿಗೂ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿತ್ತು. ಮತ್ತು ಈ ಕಾಲೇಜುಗಳಿಗೆ ಮೊದಮೊದಲು ಹೋದವರು ಹೆಚ್ಚಾಗಿ ಸ್ವಂತ ಜಮೀನಿದ್ದವರ ಮಕ್ಕಳು. ಗುಡಿಸಲಷ್ಟೇ ಜಾಗವಿದ್ದ ಕೂಲಿಗಳ ಮಕ್ಕಳು ಅಲ್ಲಿ ಕಡಿಮೆ. ಅವರಿಗಾಗಿ ಪ್ರತ್ಯೇಕ ಶಾಲೆಗಳು ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಮನೆಯಲ್ಲಿ ಬೆಣ್ಣೆ ತೆಗೆಯುತ್ತಿದ್ದ ಹೆಂಗಸರ ಕೈಯಿಂದ ಆ ಕಸುಬೂ ಅದರ ಕಾಸೂ ಡೈರಿಯ ಗಂಡಸರ ಕೈಗೆ ಹೋಯಿತು ಎಂಬುದನ್ನೂ ಬರೆದಿಡಬೇಕು.

ನನ್ನ ಎಣಿಕೆಯಲ್ಲಿ ಕಾಲೇಜಿನ ಪಾಲು ಇಷ್ಟು: ನೆಲ ಸಿಕ್ಕಿತ್ತು, ಅಕ್ಷರ ಸಿಕ್ಕಿತ್ತು, ಯಂತ್ರ ಸಿಕ್ಕಿತ್ತು, ಇವನ್ನು ಕೂಡಿಸಿ ತಮ್ಮದಾಗಿ ನಡೆಸಬಲ್ಲ ಜನರನ್ನು ಹಳ್ಳಿಯಿಂದ ಹೊರಗೆ ಕಳಿಸದೆ ಹಳ್ಳಿಯಲ್ಲೇ ತಯಾರು ಮಾಡಿತು.

ತಾಂತ್ರಿಕ ವಿದ್ಯೆಯ ಬಗ್ಗೆ ಈ ಕಾಲೇಜುಗಳಿಗೆ ಅಸಡ್ಡೆ ಇತ್ತು ಎಂದುಕೊಳ್ಳುವವರು ಆಸ್ಕೋವ್‌ಗೆ ಹೋಗಬೇಕು. ಅಲ್ಲಿಗೆ 1878ರಲ್ಲಿ ಪೌಲ್ ಲಾ ಕೂರ್ ಎಂಬ ಭೌತವಿಜ್ಞಾನಿ ಅಧ್ಯಾಪಕನಾಗಿ ಬಂದ. ಹವಾಮಾನ ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವನು, ತಂತಿ ಸಂದೇಶದ ಯಂತ್ರಗಳಲ್ಲಿ ಹೆಸರು ಮಾಡಿದವನು ಹಳ್ಳಿಯ ಶಾಲೆಗೆ ಬಂದದ್ದೇ ಒಂದು ಸೋಜಿಗ. ವಿದ್ಯುತ್ತು ಬರಿ ಪಟ್ಟಣಗಳಿಗೇ ಬಂದರೆ ಹಳ್ಳಿ ಖಾಲಿಯಾಗುತ್ತದೆ ಎಂಬುದು ಅವನ ಚಿಂತೆ. ಗಾಳಿ ಮಾತ್ರ ಆ ಬಯಲಲ್ಲಿ ಧಾರಾಳ. 1891ರಲ್ಲಿ ಸರ್ಕಾರದ ನೆರವಿನಿಂದ ಶಾಲೆಯ ಆವರಣದಲ್ಲೇ ವಿದ್ಯುತ್ ಉತ್ಪಾದಿಸುವ ಪ್ರಾಯೋಗಿಕ ಗಾಳಿಗಿರಣಿ ಕಟ್ಟಿಸಿದ.

ಗಾಳಿಯದು ಎಡವಟ್ಟು ಸ್ವಭಾವ. ಒಮ್ಮೆ ಬೀಸುತ್ತದೆ, ಒಮ್ಮೆ ಮಲಗುತ್ತದೆ. ವೇಗವನ್ನು ಸಮಗೊಳಿಸಲು ಲಾ ಕೂರ್ ತೂಕ, ರಾಟೆಗಳ ಸರಳ ಸಾಧನವೊಂದನ್ನು ಮಾಡಿದ. ಬೀಸಿದಾಗಿನ ಶಕ್ತಿಯನ್ನು ಕೂಡಿಡಲು ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕ, ಆಮ್ಲಜನಕಗಳನ್ನು ಶೇಖರಿಸಿದ. ಆ ಅನಿಲದ ದೀಪಗಳೇ 1895ರಿಂದ ಕೆಲವು ವರ್ಷ ಶಾಲೆಯನ್ನು ಬೆಳಗಿದವು. ಅನಿಲ ಸಿಡಿದು ಕಿಟಕಿಯ ಗಾಜು ಹಾರಿಹೋದದ್ದೂ ಉಂಟು. (ಇಂದು ‘ಹಸಿರು ಜಲಜನಕ’ ಎಂದು ಜಗತ್ತೆಲ್ಲ ಮಾತಾಡುತ್ತಿರುವುದು ಮೂಲತಃ ಇದನ್ನೇ.) ಹೆಚ್ಚು ರೆಕ್ಕೆಗಳ ನಿಧಾನದ ಗಿರಣಿಗಿಂತ ಕಡಿಮೆ ರೆಕ್ಕೆಗಳ ವೇಗದ ಗಿರಣಿ ವಿದ್ಯುತ್ತಿಗೆ ಮೇಲು ಎಂಬುದನ್ನೂ ಆತ ಪ್ರಯೋಗದಿಂದ ಕಂಡುಕೊಂಡ.

ಅದಕ್ಕಿಂತ ಮುಖ್ಯವಾದದ್ದು 1904ರಲ್ಲಿ ಆತ ಆರಂಭಿಸಿದ ಗ್ರಾಮೀಣ ವಿದ್ಯುತ್ ಕೆಲಸಗಾರರ ತರಬೇತಿ. ಹಳ್ಳಿಯ ಹುಡುಗರು ಕೆಲವು ತಿಂಗಳು ಕಲಿತು, ತಮ್ಮೂರಿನ ಗಿರಣಿ, ತಂತಿ, ದೀಪಗಳನ್ನು ತಾವೇ ನೋಡಿಕೊಳ್ಳುವಂತಾಗಲಿ ಎಂಬುದು ಉದ್ದೇಶ. ಅಲ್ಲಿಗೆ ಬಂದ ಹುಡುಗರಲ್ಲಿ ಯೊಹಾನೆಸ್ ಯೂಲ್ ಒಬ್ಬ. ಐವತ್ತು ವರ್ಷ ಕಳೆದ ಮೇಲೆ, 1957ರಲ್ಲಿ, ಅದೇ ಯೂಲ್ ಗೆಡ್ಸರ್ ಎಂಬಲ್ಲಿ 200 ಕಿಲೋವಾಟ್ ಸಾಮರ್ಥ್ಯದ ಮೂರು ರೆಕ್ಕೆಯ ಗಾಳಿಯಂತ್ರ ನಿಲ್ಲಿಸಿದ. ಸುಮಾರು ಹತ್ತು ವರ್ಷ ಅದು ಓಡಿತು. 1970ರ ದಶಕದ ತೈಲ ಬಿಕ್ಕಟ್ಟಿನಲ್ಲಿ ಡೆನ್ಮಾರ್ಕಿನ ಬಡಗಿಗಳು, ಕಮ್ಮಾರರು, ಎಂಜಿನಿಯರುಗಳು ಮತ್ತೆ ಗಾಳಿಯತ್ತ ತಿರುಗಿದಾಗ ಅವರ ಮುಂದಿದ್ದ ಮಾದರಿ ಇದೇ. 1980ರ ದಶಕದಲ್ಲಿ ನೆರೆಹೊರೆಯವರು ಪಾಲು ಹಾಕಿ ಗಾಳಿಯಂತ್ರ ಕೊಂಡರು. ಹಾಲಿನ ಸಂಘದ ಅನುಭವ ಅಲ್ಲಿ ಮರುಬಳಕೆಯಾಯಿತು. ಇತ್ತೀಚಿನ ವರ್ಷಗಳಲ್ಲಿ ಆ ದೇಶದ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಗಾಳಿಯದು. ನಮ್ಮ ಚಿತ್ರದುರ್ಗದ ಜೋಗಿಮಟ್ಟಿಯ ಕಡೆಗೋ ಗದಗದ ಕಪ್ಪತಗುಡ್ಡದ ಕಡೆಗೋ ಹೋದವರು ನೋಡುವ ಮೂರು ರೆಕ್ಕೆಯ ದೈತ್ಯಗಳೂ ಆ ವಂಶದವೇ. ವ್ಯತ್ಯಾಸವೆಂದರೆ ನಮ್ಮ ಬೆಟ್ಟಗಳ ಯಂತ್ರಗಳು ಕಂಪನಿಗಳವು. ಕೆಳಗಿನ ಊರಿನವರ ಪಾಲು ಅದರಲ್ಲಿ ಕಾಣುವುದಿಲ್ಲ.

ಇನ್ನು ನಮ್ಮ ನಾಡಿಗೆ ಬರೋಣ. ಸಹಕಾರದಲ್ಲಿ ನಾವು ಹಿಂದೆ ಬಿದ್ದವರಲ್ಲ. 1905ರಲ್ಲೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ನೇತೃತ್ವದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಆರಂಭವಾಗಿತ್ತು. ಹಳೆಯ ಮೈಸೂರಿನಲ್ಲಿ 1940ರ ದಶಕದ ಆರಂಭದಲ್ಲಿ ವಿಶ್ವವಿದ್ಯಾಲಯದ ಅಧ್ಯಾಪಕರು, ವಿದ್ಯಾರ್ಥಿಗಳು ಹಳ್ಳಿಗಳಿಗೆ ಹೋಗಿ ಅಕ್ಷರ ಕಲಿಸಲು ಹೊರಟರು. ಆ ಚಳವಳಿಯಿಂದ ಬೆಳೆದದ್ದು ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಪರಿಷತ್ತು. ಅಕ್ಷರ ಬಂದ ಮೇಲೇನು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಪರಿಷತ್ತು ಡೆನ್ಮಾರ್ಕಿನ ಕಡೆ ನೋಡಿತು. 1947ರಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷವೇ, ನಂಜನಗೂಡಿನಲ್ಲಿ ಮೊದಲ ‘ವಿದ್ಯಾಪೀಠ’ ತೆರೆಯಿತು. ಹಳ್ಳಿಯ ಯುವಕರು ಕೆಲವು ತಿಂಗಳು ಅಲ್ಲೇ ಉಳಿದು ಬೇಸಾಯ, ಕೈಕಸುಬು, ಸಹಕಾರ, ಸಾಹಿತ್ಯ ಎಲ್ಲವನ್ನೂ ಒಟ್ಟಿಗೆ ಕಲಿಯುವ ವ್ಯವಸ್ಥೆ. ಮುಂದೆ ಬೇರೆ ಕಡೆಗಳಲ್ಲೂ ಇಂಥ ವಿದ್ಯಾಪೀಠಗಳು ಬಂದವು. ಇದೇ ಕಾಲಕ್ಕೆ, 1948–49ರ ರಾಧಾಕೃಷ್ಣನ್ ಆಯೋಗ ತನ್ನ ವರದಿಯಲ್ಲಿ ಗ್ರಾಮೀಣ ವಿಶ್ವವಿದ್ಯಾಲಯಗಳ ಬಗ್ಗೆ ಒಂದು ಅಧ್ಯಾಯವನ್ನೇ ಬರೆದು ಡೆನ್ಮಾರ್ಕಿನ ಉದಾಹರಣೆ ಕೊಟ್ಟಿತ್ತು. ನಂಜನಗೂಡು ಆ ವರದಿಗಿಂತ ಮುಂದಿತ್ತು ಎಂಬುದು ಸಣ್ಣ ಮಾತಲ್ಲ.

ಹಾಗಿದ್ದರೆ ಇಲ್ಲಿ ಬೆಣ್ಣೆಯ ಪವಾಡವೇಕೆ ನಡೆಯಲಿಲ್ಲ? ನಮ್ಮವರಲ್ಲಿ ಶ್ರದ್ಧೆ ಇರಲಿಲ್ಲ ಎಂಬ ಸುಲಭದ ಉತ್ತರವನ್ನು ನಾನು ಒಪ್ಪುವುದಿಲ್ಲ. ಕಾರಣ ಅನುಕ್ರಮದಲ್ಲಿದೆ. ಅಲ್ಲಿ ಮೊದಲು ನೆಲ, ಆಮೇಲೆ ಅಕ್ಷರ, ಆಮೇಲೆ ಕಾಲೇಜು, ಕೊನೆಗೆ ಸಹಕಾರಿ ಡೈರಿ. ಇಲ್ಲಿ 1947ರಲ್ಲಿ ಕಾಲೇಜು ಬಂದಾಗ ಹಳ್ಳಿಯಲ್ಲಿ ಬಹುಪಾಲು ಜನಕ್ಕೆ ಅಕ್ಷರವಿರಲಿಲ್ಲ. ಹಳೆಯ ಮೈಸೂರಿನಲ್ಲಿ ಸಣ್ಣ ಹಿಡುವಳಿದಾರರು ಸಾಕಷ್ಟಿದ್ದರೆಂಬುದು ನಿಜ. ಆದರೂ ಇನಾಂ ರದ್ದತಿ ಕಾನೂನುಗಳು ಬಂದದ್ದು 1950ರ ದಶಕದಲ್ಲಿ, ಉಳುವವನೇ ಹೊಲದೊಡೆಯ ಎಂಬ ಮಾತಿಗೆ ಹಲ್ಲು ಬಂದದ್ದು 1974ರಲ್ಲಿ. ಅದೇ 1974ರಲ್ಲಿ ಕರ್ನಾಟಕ ಡೈರಿ ಅಭಿವೃದ್ಧಿ ನಿಗಮ ಸ್ಥಾಪನೆಯಾಗಿ ಹಳ್ಳಿಹಳ್ಳಿಗೆ ಹಾಲಿನ ಸಂಘ ಬಂತು. 1984ರಲ್ಲಿ ಅದು ಹಾಲು ಮಹಾಮಂಡಳವಾಯಿತು. ಆದರೆ ಹಾಲಿನ ಸಂಘ ಬಂದದ್ದು ಗುಜರಾತಿನ ಆನಂದ್‌ನಿಂದ, ತನ್ನದೇ ತರಬೇತಿ ವ್ಯವಸ್ಥೆಯೊಂದಿಗೆ. ವಿದ್ಯಾಪೀಠದಲ್ಲಿ ಕಲಿತವರಿಗೆ ನಡೆಸಲು ಸಂಘವಿರಲಿಲ್ಲ. ಸಂಘ ಬಂದಾಗ ಅದನ್ನು ನಡೆಸುವವರಿಗೆ ವಿದ್ಯಾಪೀಠದ ನಂಟಿರಲಿಲ್ಲ. ಒಂದೇ ದಾರಿಯಲ್ಲಿ ಇಪ್ಪತ್ತೈದು ವರ್ಷದ ಅಂತರದಲ್ಲಿ ಬಂದ ಇಬ್ಬರು ಪ್ರಯಾಣಿಕರು ಭೇಟಿಯಾಗಲೇ ಇಲ್ಲ.

ನಂತರದ ಪ್ರಯತ್ನಗಳಲ್ಲಿ ನಮ್ಮವರು ಬೇರೆ ದಾರಿ ಹಿಡಿದರು. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೊಂದಿಗೆ 1982ರಲ್ಲಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆ ನಿರುದ್ಯೋಗಿ ಯುವಜನರನ್ನು ಉಳಿಸಿಕೊಂಡು, ಕಡಿಮೆ ಅವಧಿಯಲ್ಲಿ ಒಂದು ಕಸುಬು ಕಲಿಸಿ, ಸ್ವಂತ ಉದ್ಯೋಗಕ್ಕೆ ಹಚ್ಚುತ್ತದೆ. ಈ ಮಾದರಿಯನ್ನು ಮುಂದೆ ಕೇಂದ್ರ ಸರ್ಕಾರ ಬ್ಯಾಂಕುಗಳ ಮೂಲಕ ಜಿಲ್ಲೆಜಿಲ್ಲೆಗೆ ಹಬ್ಬಿಸಿತು. ಇದು ಉಪಯುಕ್ತ ಕೆಲಸ, ಕಣ್ಣಿಗೆ ಕಾಣುವ ಕೆಲಸ. ಆದರೆ ಇದು ಒಬ್ಬೊಬ್ಬರನ್ನು ಎತ್ತಿ ನಿಲ್ಲಿಸುವ ವಿದ್ಯೆ. ಮುನ್ನೂರು ಜನ ಸದಸ್ಯರ ಹಾಲಿನ ಸಂಘದ ಸರ್ವಸದಸ್ಯರ ಸಭೆಯಲ್ಲಿ ಕಾರ್ಯದರ್ಶಿ ಜಮಾಖರ್ಚು ಓದುವಾಗ ‘ಈ ಬಾಬ್ತು ಏನು ಸ್ವಾಮಿ?’ ಎಂದು ಎದ್ದು ಕೇಳುವ ವಿದ್ಯೆ ಬೇರೆ. ಅದನ್ನು ಕಲಿಸುವ ಜಾಗ ಈಗ ಯಾವುದು?

ಸಮುದಾಯ ಕಾಲೇಜು ಎಂಬ ಹೊಸ ಹೆಸರಿನ ಕೆಳಗೆ ಅದಕ್ಕೂ ಜಾಗ ಮಾಡುವುದಾದರೆ ಐದು ತಿಂಗಳ ವಸತಿ ಕಾಲೇಜು ಈಗ ನಡೆಯಲಾರದು. ಒಂದು ಕಾಲಕ್ಕೆ ನಮ್ಮ ಬೆದ್ದಲು ಸೀಮೆಯಲ್ಲೂ ರಾಗಿ ಕಣ ಮುಗಿದ ಮೇಲೆ ಮುಂಗಾರು ಬೀಳುವವರೆಗೆ ರೈತನ ಕೈ ಖಾಲಿಯಿರುತ್ತಿತ್ತು. ಅದೇ ನಮ್ಮ ಚಳಿಗಾಲ. ಬೋರ್‌ವೆಲ್, ರೇಷ್ಮೆ, ಸೀಮೆಹಸು ಬಂದಮೇಲೆ ಆ ಬಿಡುವೂ ಹೋಯಿತು. ಹಸು ದಿನಕ್ಕೆ ಎರಡು ಸಲ ಕರೆಯಿಸಿಕೊಳ್ಳುತ್ತದೆ, ಅದಕ್ಕೆ ರಜೆಯಿಲ್ಲ. ಬೆಳಗಿನ ಹಾಲು ಡೈರಿಗೆ ಹಾಕಿ ಬಂದ ಮೇಲೆ ಸಂಜೆ ಮತ್ತೆ ಕ್ಯಾನು ಹಿಡಿಯುವವರೆಗೆ ಮಧ್ಯೆ ಸಿಗುವುದು ಏಳೆಂಟು ಗಂಟೆ. ಅದರಲ್ಲೂ ಹೆಣ್ಣುಮಕ್ಕಳಿಗೆ ಅಡುಗೆ, ಮೇವು, ನೀರು ಕಳೆದು ಉಳಿಯುವುದು ಎರಡೋ ಮೂರೋ. ಪಾಠ ನಡೆಯಬೇಕಾದದ್ದು ಆ ಹೊತ್ತಿನಲ್ಲಿ, ಡೈರಿ ಕಟ್ಟಡದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ.